‘ಶುದ್ಧೀಕರಣ’ ಎಂಬ ಮಾತು

ಸೀಸದಿಂದ ಕೆಟ್ಟ ನೆಲದ ವಿಷಯದಲ್ಲಿ ‘ಶುದ್ಧೀಕರಣ’ವೆಂಬ ಶಬ್ದವು ಯುಕ್ತವೇ ಎಂಬ ಸಂದೇಹ ನಮಗುಂಟು. ಶುದ್ಧಿಯೆಂದೊಡನೆ ಕೊಳೆ ಕಳೆಯಿತೆಂದೇ ನಮ್ಮ ಭಾವನೆ. ಸೀಸವಾದರೋ ಮೂಲಧಾತು, ಕಾಲದಿಂದ ಕ್ಷಯಿಸತಕ್ಕದ್ದಲ್ಲ. ಕೆಟ್ಟ ಮಣ್ಣನ್ನು ಅಗೆದು ಬೇರೆಡೆಗೆ ಸಾಗಿಸಿ ಹೊಸ ಮಣ್ಣು ತುಂಬುವುದೇ ಬಹುಮಟ್ಟಿಗೆ ನಡೆಯುವ ಕಾರ್ಯ. ‘ಸ್ಥಳಾಂತರ’ವೆಂದರೆ ಹೆಚ್ಚು ಒಪ್ಪೀತು.

ಅಮೆರಿಕದ ಇಂಡಿಯಾನ ಸಂಸ್ಥಾನದ ಈಸ್ಟ್ ಷಿಕಾಗೊ ನಗರದಲ್ಲಿ, ಹಿಂದೆ ಸೀಸದ ಕಾರ್ಖಾನೆಯಿದ್ದ ನೆಲದ ಮೇಲೆಯೇ 1970ರ ದಶಕದಲ್ಲಿ ವೆಸ್ಟ್ ಕ್ಯಾಲುಮೆಟ್ ಎಂಬ ವಸತಿಸಮೂಹವು ಎದ್ದಿತು. 2009ರಲ್ಲಿ ಆ ಪ್ರದೇಶವು ಒಕ್ಕೂಟ ಸರ್ಕಾರದ ಶುದ್ಧೀಕರಣದ ಪಟ್ಟಿಯನ್ನು ಸೇರಿತು. ಅಲ್ಲಲ್ಲಿ ಒಂದಿಷ್ಟು ಮಣ್ಣನ್ನು ತೆಗೆದದ್ದೂ ಉಂಟು. ಮಕ್ಕಳ ಆಟ ಮಾತ್ರ ಆ ಅಂಗಳಗಳಲ್ಲೇ ಸಾಗಿತ್ತು. 2016ರಲ್ಲಿ ಸಾವಿರಕ್ಕೂ ಮಿಕ್ಕ ನಿವಾಸಿಗಳಿಗೆ ಮನೆ ಬಿಡುವಂತೆ ಸೂಚನೆಯಾಯಿತು. 2018ರಲ್ಲಿ ಮನೆಗಳನ್ನು ಕೆಡವಿದರು. ಬಡ ಬಾಡಿಗೆದಾರರ ಈ ನಿರ್ಗಮನಕ್ಕೆ ‘ಶುದ್ಧೀಕರಣ’ದ ಅರ್ಥವ್ಯಾಪ್ತಿಯಲ್ಲಿ ಎಡೆಯೆಲ್ಲಿ?