ರಾಮಪತ್ರೆ ಮತ್ತು ಅದರ ಜೌಗಿನ ದಾಯಾದಿ

ಪಶ್ಚಿಮ ಘಟ್ಟದಲ್ಲಿ ಜಾಕಾಯಿಯ ಮನೆತನಕ್ಕೆ ಸೇರಿದ ಎರಡು ಕಾಡುಮರಗಳನ್ನು ಅಳಿವಿನ ಅಪಾಯ ಅಳೆಯುವ ಐಯುಸಿಎನ್ ಕೆಂಪು ಪಟ್ಟಿ ಬೇರೆ ಬೇರೆ ಮೆಟ್ಟಿಲಲ್ಲಿ ಕೂರಿಸಿದೆ. ರಾಮಪತ್ರೆ, ಅಂದರೆ ಮಿರಿಸ್ಟಿಕಾ ಮಲಬಾರಿಕಾ, ‘ವಲ್ನರಬಲ್’. ಮಿರಿಸ್ಟಿಕಾ ಮ್ಯಾಗ್ನಿಫಿಕಾ ಅದಕ್ಕಿಂತ ಒಂದು ಮೆಟ್ಟಿಲು ಹೆಚ್ಚು ಅಪಾಯದ ‘ಎಂಡೇಂಜರ್ಡ್’. ಮೆಟ್ಟಿಲು ನೋಡಿ ರಕ್ಷಣೆಯನ್ನು ಹೆಚ್ಚುಕಡಿಮೆ ಮಾಡಿದರೆ ಸಾಕೆಂಬ ಲೆಕ್ಕಾಚಾರ ನನಗೆ ಒಪ್ಪಿಗೆಯಿಲ್ಲ. ಇವೆರಡರ ಗಂಡಾಂತರದ ಬಗೆಯೇ ಬೇರೆ. ರಾಮಪತ್ರೆ ನಿತ್ಯಹರಿದ್ವರ್ಣ ಕಾಡಿನ ಇಳಿಜಾರಿನಲ್ಲೂ ಬೆಳೆದೀತು. ಅದಕ್ಕೆ ಕಂಟಕವಾದದ್ದು ಬೀಜ ಸುತ್ತಿದ ಪತ್ರೆಗಿರುವ ಪೇಟೆ. ಕಾಯಿ ಬಲಿಯುವ ಮೊದಲೇ ಕೊಯ್ದರೆ ಮೊಳೆಯಲು ಬೀಜವೇ ಉಳಿಯುವುದಿಲ್ಲ. ಗಂಡು ಮರ ಬೇರೆ, ಹೆಣ್ಣು ಮರ ಬೇರೆಯಾದ್ದರಿಂದ ಈ ಕಾಟವೆಲ್ಲ ಹೆಣ್ಣಿಗೇ. ಕೊಯ್ಲಿಗೆ ಶಿಸ್ತು ತಂದರೆ ಈ ಮರ ಬದುಕಿಕೊಳ್ಳುತ್ತದೆ. ಮ್ಯಾಗ್ನಿಫಿಕಾಕ್ಕೆ ಅಂಥ ಸುಲಭದ ಮದ್ದಿಲ್ಲ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಂಥ ಸಿಹಿನೀರಿನ ಜೌಗೇ ಅದರ ನೆಲೆ. ಉಸಿರಾಡದ ಕೆಸರಿನಲ್ಲಿ ನಿಲ್ಲಲೆಂದೇ ಬುಡದ ಸುತ್ತ ಊರುಗೋಲಿನಂಥ ಬೇರುಗಳನ್ನು ಇಳಿಬಿಡುತ್ತದೆ. ಕೊಡಲಿ ತಾಗದಿದ್ದರೂ, ಮೇಲಿನ ಹಳ್ಳವನ್ನು ತಿರುಗಿಸಿದರೆ ಅದರ ಕಥೆ ಮುಗಿಯಿತು. ಘಟ್ಟದ ಎಷ್ಟೋ ಜೌಗುಗಳು ಭತ್ತದ ಗದ್ದೆಯೋ ಅಡಿಕೆ ತೋಟವೋ ಆಗಿಹೋಗಿರುವುದೂ ಆ ನೀರಿನ ಆಸೆಗೇ.

ಇಲ್ಲೊಂದು ತಕರಾರು ಏಳಬಹುದು. ಸಸ್ಯವಿಜ್ಞಾನಿ ಬೆಡ್ಡೋಮ್ ಪ್ರತ್ಯೇಕ ಪ್ರಭೇದವೆಂದು ಹೆಸರಿಟ್ಟ ಮ್ಯಾಗ್ನಿಫಿಕಾವನ್ನು ಮುಂದೆ ಇನ್ನೊಬ್ಬ ಸಸ್ಯವಿಜ್ಞಾನಿ ಸಿಂಕ್ಲೇರ್ ಮಲುಕು ದ್ವೀಪಗಳ ಮಿರಿಸ್ಟಿಕಾ ಫ್ಯಾಚುವಾದ ಒಂದು ಉಪಬಗೆಯೆಂದು ಇಳಿಸಿದರು. ಹಾಗಾದರೆ ಮೂಲ ಮರ ಸಮುದ್ರದಾಚೆ ಇದೆಯಲ್ಲ, ಇಲ್ಲಿ ಹೋದರೇನು? ಈಗ ಮತ್ತೆ ಇದನ್ನು ಸ್ವತಂತ್ರ ಪ್ರಭೇದವೆಂದು ಎಣಿಸುವವರಿದ್ದಾರೆ, ಅದಿರಲಿ. ಉಪಬಗೆಯೆಂದೇ ಇಟ್ಟುಕೊಂಡರೂ ಮಲುಕುವಿನ ಪರಾಗ ಘಟ್ಟದ ಹೆಣ್ಣು ಮರಕ್ಕೆ ತಲುಪುವುದಿಲ್ಲ, ಅಲ್ಲಿನ ಬೀಜ ಇಲ್ಲಿನ ಜೌಗನ್ನು ತುಂಬುವುದಿಲ್ಲ. ವರ್ಗೀಕರಣದ ಜಗಳ ತೀರುವವರೆಗೆ ಹಳ್ಳ ಕಾಯುತ್ತದೆಯೇ? ಕತ್ತಲೆಕಾನಿನ ಇದೇ ಜೌಗಿನಿಂದ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಗೇರಿನ ಬಂಧು ವಿಜ್ಞಾನಕ್ಕೆ ಪರಿಚಯವಾದದ್ದು 2000ದಲ್ಲಿ. ನೆಲೆ ಹೋದರೆ ಅದೂ ಜೊತೆಗೇ ಹೋಗುತ್ತದೆ.

ನರ್ಸರಿಯಲ್ಲಿ ಸಸಿ ಮಾಡಿ ಹಂಚಬಹುದಲ್ಲ ಎನ್ನುವವರ ಮಾತಿನಲ್ಲಿ ಹುರುಳಿದೆ, ಆದರೆ ಅರ್ಧ. ಈ ಬೀಜಗಳು ಒಣಗಿದರೆ ಬೇಗ ಸಾಯುತ್ತವೆ, ಕೂಡಿಟ್ಟು ಕಾಪಾಡುವಂತಿಲ್ಲ. ರಾಮಪತ್ರೆಯ ಸಸಿಗೆ ತೋಟದ ಅಂಚೂ ಆದೀತು. ಮ್ಯಾಗ್ನಿಫಿಕಾದ ಸಸಿಯನ್ನು ನೆಡಲು ಮೊದಲು ಜೌಗು ಬೇಕು, ಜೌಗಿಗೆ ಮೇಲಿನ ಕಾಡು ಬೇಕು. ಹಾಗಾಗಿ ದುಡ್ಡನ್ನು ಮೊದಲು ಸುರಿಯಬೇಕಾದದ್ದು ಜಲಾನಯನದ ಮೇಲ್ಭಾಗದಲ್ಲಿ, ಸಸಿತೋಟ ಆಮೇಲೆ.