ಗಂಡನ ಗುಟ್ಟಿಗೆ ಮೌನ, ಹೆಂಡತಿಯ ಗುಟ್ಟಿಗೆ ಮಸಣ

ಬಂಕಿಮಚಂದ್ರರ 'ಕಪಾಲಕುಂಡಲಾ' 1866ರಲ್ಲಿ ಬಂದ ಕಾದಂಬರಿ. ಬಿ. ವೆಂಕಟಾಚಾರ್ಯರು ಬಂಕಿಮರನ್ನು ಕನ್ನಡಕ್ಕೆ ತಂದ ಮೇಲೆ ಓದುಬಲ್ಲ ಮನೆಗಳಲ್ಲಿ ಅವರ ಹೆಸರು ಮನೆಮಾತಾಯಿತು. ನಮ್ಮ ಮನೆಗಳಲ್ಲಿ ಅಲ್ಲ. ನಮ್ಮ ಅಪ್ಪಂದಿರು ಹೆಬ್ಬೆಟ್ಟು ಒತ್ತಿದವರು. ನಾವು ತಡವಾಗಿ, ಆದರೆ ಆಸೆಯಿಂದಲೇ ಓದಿದೆವು. ಓದಿ ಮುಗಿಸಿದಾಗ ಸಂಕಟವಾಯಿತು, ಸಿಟ್ಟೂ ಬಂತು.

ಅಕ್ಬರ್ ಸತ್ತು ಜಹಾಂಗೀರ್ ಪಟ್ಟವೇರಿದ 1605ರ ಸುಮಾರಿನ ಕತೆ. ಸಪ್ತಗ್ರಾಮದ ಬ್ರಾಹ್ಮಣ ನವಕುಮಾರ ಜೊತೆಗಾರರಿಗಾಗಿ ಸೌದೆ ತರಲು ಹೋಗುತ್ತಾನೆ. ಅವರು ಅವನನ್ನೇ ಬಿಟ್ಟು ದೋಣಿಯಲ್ಲಿ ಹೋಗಿಬಿಡುತ್ತಾರೆ. ಒಬ್ಬ ಕಾಪಾಲಿಕ ಅವನನ್ನು ಬಲಿ ಕೊಡಲು ಹೊರಟಾಗ, ಕಾಪಾಲಿಕನೇ ಸಾಕಿದ ಹುಡುಗಿ ಕಪಾಲಕುಂಡಲೆ ಬಿಡಿಸುತ್ತಾಳೆ. ಅವನು ಅವಳನ್ನು ಮದುವೆಯಾಗಿ ಊರಿಗೆ ಕರೆತರುತ್ತಾನೆ. ದಾರಿಯಲ್ಲಿ ಒಬ್ಬ ಹೆಂಗಸು ಕೊಟ್ಟ ಒಡವೆಯನ್ನೆಲ್ಲ ಈ ಹುಡುಗಿ ಭಿಕ್ಷುಕನ ಕೈಗೆ ಸುರಿಯುತ್ತಾಳೆ. ಅಲ್ಲಿಗೆ ನಾವು ಅವಳ ಪಕ್ಷ.

ಒಡವೆ ಕೊಟ್ಟವಳು ಯಾರು? ನವಕುಮಾರನ ಮೊದಲ ಹೆಂಡತಿ ಪದ್ಮಾವತಿ. ಅವಳ ತಂದೆ ಪಠಾಣರ ಕೈಗೆ ಸಿಕ್ಕಿ, ಜೀವ ಉಳಿಸಿಕೊಳ್ಳಲು ಸಂಸಾರಸಮೇತ ಮುಸಲ್ಮಾನನಾದ. ಜಾತಿ ಕೆಟ್ಟಿತಲ್ಲ, ಗಂಡನ ಮನೆಯವರು ಹುಡುಗಿಯನ್ನು ಕೈಬಿಟ್ಟರು. ಅವಳೇ ಮುಂದೆ ಆಗ್ರಾದ ಲುತ್ಫುನ್ನಿಸಾ. ಕೊನೆಗೊಮ್ಮೆ ಅವಳು ನವಕುಮಾರನೆದುರು ತನ್ನ ಗುರುತು ಹೇಳಿಕೊಳ್ಳುತ್ತಾಳೆ. ಆದರೆ ಈಕೆ ತನ್ನ ಸವತಿ ಅನ್ನೋದು ಕಪಾಲಕುಂಡಲೆಗೆ ತಿಳಿಯುವುದು ಗಂಡನ ಬಾಯಿಂದಲ್ಲ, ಕತ್ತಲ ಕಾಡಿನಲ್ಲಿ ಪದ್ಮಾವತಿಯ ಬಾಯಿಂದ.

ಇದು ಗಂಡನ ಗುಟ್ಟು. ಹೆಂಡತಿಯ ಗುಟ್ಟೇನು? ನಾದಿನಿ ಶ್ಯಾಮೆಯ ಗಂಡ ಕುಲೀನ, ಹೆಂಡತಿಯ ಕಡೆ ತಲೆ ಹಾಕದವನು. ಅವನನ್ನು ಒಲಿಸುವ ಮೂಲಿಕೆ ತರಲು ಕಪಾಲಕುಂಡಲೆ ನಡುರಾತ್ರಿ ಕಾಡಿಗೆ ಹೋದಳು. ಅಷ್ಟೇ. ಗಂಡುವೇಷದ ಪದ್ಮಾವತಿ ಬರೆದ ಚೀಟಿ ಅವಳ ಮುಡಿಯಿಂದ ಬಿದ್ದು ಗಂಡನ ಕೈ ಸೇರಿತು. ಅವನು ಕೇಳಲಿಲ್ಲ. ಕಾಪಾಲಿಕ ಕೊಟ್ಟ ಹೆಂಡ ಕುಡಿದು, ತನ್ನ ಜೀವ ಉಳಿಸಿದವಳನ್ನೇ ಬಲಿಗೆಂದು ಮಸಣಕ್ಕೆ ನಡೆಸಿಕೊಂಡು ಹೋದ. ಕೇಳಿದ್ದು ಅಲ್ಲಿ, ಕಟ್ಟಕಡೆಗೆ. ಅವಳು ನಿಜ ಹೇಳಿದಳು. ಮನೆಗೆ ಮಾತ್ರ ಬರೋದಿಲ್ಲ ಅಂದಳು. ನದಿಯ ದಡ ಕುಸಿದು ಅವಳು ನೀರು ಪಾಲಾದಳು, ಅವನೂ ಹಿಂದೆಯೇ ಹಾರಿದ.

ನಮ್ಮ ತಕರಾರು ಇಲ್ಲಿದೆ. ಜಾತಿಗಾಗಿ ಹೆಂಡತಿಯನ್ನು ಬಿಟ್ಟವನನ್ನು ಕಾದಂಬರಿ ಒಂದು ಮಾತೂ ಕೇಳುವುದಿಲ್ಲ. ಬಿಡಿಸಿಕೊಂಡವಳನ್ನು ಮಾತ್ರ ಭೋಗದ ಹೆಂಗಸಾಗಿ, ಹೊಂಚು ಹಾಕುವವಳಾಗಿ ಚಿತ್ರಿಸುತ್ತದೆ. ಮದುವೆಯೆಂಬುದು ಹೆಣ್ಣಿಗೆ ಜೀತ ಎಂಬ ಅರಿವನ್ನು ಬಂಕಿಮರೇ ಕಪಾಲಕುಂಡಲೆಗೆ ಕೊಟ್ಟರು. ಅದು ದೊಡ್ಡ ಮಾತು, ಒಪ್ಪುತ್ತೇವೆ. ಆದರೆ ಅದನ್ನು ಅರಿತ ಹೆಣ್ಣು ಬದುಕಲು ಜಾಗವೇ ತೋಚದೆ ಹೊಳೆಗೆ ಹಾಕಿದರು. ಇದನ್ನು ದುರಂತ ಅಂತ ಮೆಚ್ಚಿಕೊಳ್ಳಬೇಕೆ?

ಅದು ಆ ಕಾಲ ಕಣ್ರೀ, ಅಂತಾರೆ ಮೇಷ್ಟ್ರುಗಳು. ಅದೇ ಕಾಲದಲ್ಲಿ, ಅದೇ ಬಂಗಾಳದಲ್ಲಿ ವಿದ್ಯಾಸಾಗರರು 1871ರಲ್ಲಿ ಕುಲೀನರ ಬಹುಪತ್ನಿತ್ವದ ವಿರುದ್ಧ ಪುಸ್ತಕ ಬರೆದರು. ಅವರು ಮತ್ತೊಂದನ್ನು ಬರೆದಾಗ, 1873ರಲ್ಲಿ 'ಬಂಗದರ್ಶನ'ದಲ್ಲಿ ಅದನ್ನು ಟೀಕಿಸಿದವರು ಇದೇ ಬಂಕಿಮರು. ಕಾಲ ಒಂದೇ, ನಿಂತ ಜಾಗ ಬೇರೆ.

ನಮ್ಮ ಕೇರಿಯ ಅವ್ವಂದಿರಿಗೂ ಗುಟ್ಟುಗಳಿವೆ. ಗಂಡನ ಕುಡಿತಕ್ಕೆ ಸಿಗದಂತೆ ರಾಗಿ ಮಡಕೆಯ ತಳದಲ್ಲಿಟ್ಟ ಕೂಲಿದುಡ್ಡು ಅಂಥದೊಂದು. ನಮ್ಮ ಪರೀಕ್ಷೆ ಫೀಜು ಬಂದದ್ದು ಅಲ್ಲಿಂದ. ಸಿಕ್ಕಿಬಿದ್ದ ದಿನ ಏಟು ತಿಂದರು. ಮಾರನೆಯ ದಿನ ಮತ್ತೆ ಕೂಲಿಗೆ ಹೋದರು. ಗುಟ್ಟು ಅನ್ನೋದು ಯಾರಿಗೆ ವಿಲಾಸ, ಯಾರಿಗೆ ಉಸಿರು ಅಂತ ಅವರಿಗೆ ಗೊತ್ತು.

ಗೆಳೆಯರೇ, ಈ ಕಾದಂಬರಿಯನ್ನು ತರಗತಿಯಲ್ಲಿ ಪಾಠ ಮಾಡುವವರು ಒಂದು ಪ್ರಶ್ನೆಯನ್ನಾದರೂ ಹಾಕಿ: ಪದ್ಮಾವತಿಯನ್ನು ಮನೆಯಿಂದ ಹೊರಗಿಟ್ಟವರು ಯಾರು? ಆ ಹುಡುಗಿಯ ಬಾಯಿಂದ ಈ ಕತೆ ಇನ್ನೊಮ್ಮೆ ಬರಬೇಕು. ಬರೆಯುವವರಿಲ್ಲವೆಂದರೆ ನಾವೇ ಬರೆಯುತ್ತೇವೆ.