ಮೊದಲು ಹಲಗೆಯ ಉದ್ದ ಅಳೆಯಿರಿ

ಅಂಗಡಿಯಲ್ಲಿ ಮಾರಾಟಕ್ಕೆ ನಿಂತ ಪುಸ್ತಕದ ಕಪಾಟಿನಲ್ಲಿ ಪುಸ್ತಕಗಳಿರುವುದಿಲ್ಲ. ಹೆಚ್ಚೆಂದರೆ ಒಂದು ಹೂದಾನಿ, ಒಂದು ಮೇಜುದೀಪ. ತೊಂದರೆ ಶುರುವಾಗುವುದೇ ಅಲ್ಲಿಂದ. ಕೋಪನ್‌ಹೇಗನ್ನಿನ ರಾವ್ನ್ಸ್‌ಬೋರ್ಗ್‌ಗೇಡ್ ಬೀದಿಯ ಹಳೇ ಸಾಮಾನಿನ ಅಂಗಡಿಗಳಲ್ಲಿ ಅರವತ್ತರ ದಶಕದ ತೇಗ ಜೇನುಬಣ್ಣಕ್ಕೆ ಹೊಳೆಯುತ್ತಿದ್ದರೆ, ಅದು ಹೊರೆ ಹೊರಬೇಕಾದ ವಸ್ತು ಎಂಬುದೇ ಮರೆತುಹೋಗುತ್ತದೆ. ನಾನಂತೂ ಬಣ್ಣವನ್ನೂ ವಿನ್ಯಾಸಕಾರನ ಹೆಸರನ್ನೂ ಬದಿಗಿಟ್ಟು ಮೊದಲು ಟೇಪು ತೆಗೆಯುತ್ತೇನೆ.

ಹಲಗೆಯ ದಪ್ಪ ಅಷ್ಟೇ ಇದ್ದು ಉದ್ದ ಎರಡರಷ್ಟಾದರೆ, ಸಾಲು ತುಂಬ ಪುಸ್ತಕ ಜೋಡಿಸಿದಾಗ ಅದು ಬಾಗುವುದು ಎರಡು ಪಟ್ಟಲ್ಲ, 16 ಪಟ್ಟು. ನಿಘಂಟು, ಸಂಪುಟಗಳನ್ನು ಇಡುವವರು ಇದನ್ನು ಮರೆಯಬಾರದು. ಡೆನ್ಮಾರ್ಕಿನ ಮೋಗೆನ್ಸ್ ಕೋಕ್ ಮರೆತಿರಲಿಲ್ಲ. 1928ರಲ್ಲಿ ಅವರು ರೂಪಿಸಿದ ಕಪಾಟು 76 ಸೆಂಟಿಮೀಟರಿನ ಚೌಕ. ಪಕ್ಕಪಕ್ಕ, ಒಂದರ ಮೇಲೊಂದು ಇಡುತ್ತ ಗೋಡೆಯನ್ನೇ ತುಂಬಿಸಬಹುದು. ಒಳಗೆ ಮತ್ತೆ ಸಣ್ಣ ಖಾನೆಗಳು, ಹೀಗಾಗಿ ಹಲಗೆಗೆ ಬಾಗುವ ಅವಕಾಶವೇ ಕಡಿಮೆ. ಇದಕ್ಕಿಂತ ಜಾಣ ಕಪಾಟು ಆಮೇಲೆ ಬಂದಿಲ್ಲ; ಬೆಲೆ ಕೇಳಿದ ಮೇಲೂ ನನ್ನ ಮಾತು ಇದೇ. ಪೌಲ್ ಕಡೋವಿಯಸ್‌ರ 1948ರ ರಾಯಲ್ ಸಿಸ್ಟಮ್ ನೋಡಲು ಇನ್ನೂ ಹಗುರ. ಆದರೆ ಅದು ಗೋಡೆಗೆ ನೇತುಹಾಕುವಂಥದು, ಪರೀಕ್ಷಿಸಬೇಕಾದದ್ದು ನಿಮ್ಮ ಮನೆಯ ಗೋಡೆಯನ್ನು.

ಟೇಪು ಮಡಿಸಿಟ್ಟು ಒಂದು ಹಲಗೆಯನ್ನು ಹೊರಗೆಳೆಯಿರಿ, ಅಂಗಡಿಯವರು ಬೇಡವೆನ್ನುವುದಿಲ್ಲ. ಎದುರಂಚಿನಲ್ಲಿ ಗಟ್ಟಿ ತೇಗದ ಪಟ್ಟಿ, ಮೇಲೂ ಕೆಳಗೂ ಒಂದು ಮಿಲಿಮೀಟರಿಗಿಂತ ತೆಳುವಾದ ತೇಗದ ವೆನೀರ್, ನಡುವೆ ಪಾರ್ಟಿಕಲ್ ಬೋರ್ಡ್ ಅಥವಾ ಬ್ಲಾಕ್‌ಬೋರ್ಡ್: ಬಹುಪಾಲು ಹಳೇ ಡ್ಯಾನಿಶ್ ಕಪಾಟುಗಳು ಹೀಗೇ. ಇದರಲ್ಲಿ ಮೋಸವೇನಿಲ್ಲ. ಆದರೆ ಗೀರು ಹೋಗಲೆಂದು ಉಪ್ಪುಕಾಗದ ಹಿಡಿದು ಉಜ್ಜಿದರೆ ತೇಗವೇ ಹೋಗಿ ಒಳಗಿನ ಬೋರ್ಡು ಹಲ್ಲು ಕಿರಿಯುತ್ತದೆ. ಹಲಗೆಯ ಅಂಚಿಗೆ ಕಣ್ಣು ನೇರ ಮಾಡಿ ನೋಡಿ. ಅಲ್ಪಸ್ವಲ್ಪ ಬಾಗಿದ್ದರೆ, ಕೆಳಮೈಗೂ ವೆನೀರ್ ಇದ್ದಲ್ಲಿ ತಿರುವಿ ಹಾಕಿದರೆ ಸಾಕು. ಆಮೇಲೆ ಖಾನೆಯೊಳಗೆ ಮೂಗು ಹಾಕಿ. ದಶಕಗಳ ಪೈಪು ಹೊಗೆ ಮರಕ್ಕೆ ಹಿಡಿದಿದ್ದರೆ ನಾಳೆ ಅದು ನಿಮ್ಮ ಪುಸ್ತಕಗಳಿಗೂ ಹಿಡಿಯುತ್ತದೆ. ಹಿಂಬದಿಯಲ್ಲಿ ಡ್ಯಾನಿಶ್ ಗುಣಮಟ್ಟ ನಿಯಂತ್ರಣದ ದುಂಡು ಮುದ್ರೆ ಕಂಡರೆ ಸಂತೋಷ, ಆದರೆ ಅದಕ್ಕಾಗಿ ಹೆಚ್ಚು ದುಡ್ಡು ಕೊಡಲಾರೆ.

ಕಪ್ಪುಗೆರೆಯ ಪಾಲಿಸಾಂಡರ್ ಮುಂದೆ ಮಾತ್ರ ಮನಸ್ಸು ಜಾರುತ್ತದೆ. ನಮ್ಮ ಬೀಟೆಯ ದಾಯಾದಿ ಅದು. ಬ್ರೆಜಿಲಿನ ಈ ಮರದ ಅಂತರರಾಷ್ಟ್ರೀಯ ವ್ಯಾಪಾರವನ್ನು ಸೈಟಿಸ್ ಒಪ್ಪಂದ 1992ರಿಂದ ಬಿಗಿಯಾಗಿ ನಿರ್ಬಂಧಿಸಿದೆ. ಯುರೋಪಿನೊಳಗೆ ಅರವತ್ತರ ದಶಕದ ಕಪಾಟು ಮಾರುವುದಕ್ಕೂ ಪ್ರಮಾಣಪತ್ರ ಬೇಕು. ಅಲ್ಲಿ ನೌಕರಿ ಮುಗಿಸಿ ಊರಿಗೆ ಮರಳುವ ಕನ್ನಡಿಗರು ಮನೆ ಸಾಮಾನಿನ ಕಂಟೇನರಿಗೆ ಇದನ್ನು ಏರಿಸುವ ಮುನ್ನ ಪರವಾನಗಿ ಪಡೆಯಬೇಕು. ಕಾಗದಪತ್ರ ತೋರಿಸದೆ ಬೆಲೆ ಇಳಿಸಲು ಹೊರಟ ಅಂಗಡಿಯಲ್ಲಿ ತೇಗದ್ದನ್ನೇ ಕೇಳಿ.